ಎಟಿಮ್‌ಆನ್‌ಲೈನ್ ವಿಮರ್ಶೆ: ಒಂದೇ ಥರ ಕಾಣುವ ಇಂಗ್ಲಿಷ್ ಪದಗಳ ಮೂಲ ಹುಡುಕುವ ಮುಂಬಯಿ ಕನ್ನಡಿಗರಿಗೆ

ಮುಂಬಯಿಯ ಉಡುಪಿ ಹೊಟೇಲುಗಳ ಮೆನು ಕಾರ್ಡಿನಲ್ಲಿ ಕೊನೆಯ ಪುಟಕ್ಕೆ ಹೋಗಿ. ಗಡ್‌ಬಡ್, ಫ್ರೂಟ್ ಸಲಾಡ್, ಕುಲ್ಫಿಗಳ ಮೇಲೆ ದೊಡ್ಡಕ್ಷರದಲ್ಲಿ ‘ಡೆಸರ್ಟ್ಸ್’ ಎಂದಿರುತ್ತದೆ. ಅದರ ನಡುವೆ ‘ಎಸ್’ ಎರಡು ಇವೆಯೋ ಒಂದೇ ಇದೆಯೋ ನೋಡಿ. ಒಂದೇ ಇದ್ದರೆ ಅಲ್ಲಿ ಬರೆದಿರುವುದು ಮರಳುಗಾಡು ಎಂದು. ಲಾಡ್ಜಿನ ಕೋಣೆಯಲ್ಲಿ ಬೆಳಗಿನ ತಿಂಡಿ ಪುಕ್ಕಟೆ ಎಂದು ಹೇಳುವ ಕಾರ್ಡಿನಲ್ಲಿ ‘ಕಾಂಪ್ಲಿಮೆಂಟರಿ’ಯ ಮಧ್ಯೆ ‘ಐ’ ಬರಬೇಕಾದ ಕಡೆ ‘ಇ’ ಕೂತಿರುತ್ತದೆ. ನೋಟ್‌ಬುಕ್, ಪೆನ್ನು ಮಾರುವ ಅಂಗಡಿಯ ಬೋರ್ಡು ‘ಸ್ಟೇಷನರಿ’ಯನ್ನು ‘ಎ-ಆರ್-ವೈ’ ಇಂದ ಮುಗಿಸಿ, ಅಂಗಡಿ ಕದಲದೆ ನಿಂತಿದೆ ಎಂದು ಸಾರುತ್ತದೆ. ಕಂಪ್ಯೂಟರಿನ ಸ್ಪೆಲ್ ಚೆಕ್ ಇವುಗಳನ್ನು ಹಿಡಿಯುವುದು ಅಪರೂಪ. ಎರಡು ರೂಪಗಳೂ ಇಂಗ್ಲಿಷಿನಲ್ಲಿ ಸರಿಯಾದ ಪದಗಳೇ ಆಗಿರುವುದರಿಂದ ಅದಕ್ಕೆ ತಪ್ಪೇ ಕಾಣುವುದಿಲ್ಲ.

ನಮಗೆ ಈ ತೊಂದರೆ ಇನ್ನೂ ಹೆಚ್ಚು. ಕನ್ನಡದಲ್ಲಿ ಉಚ್ಚರಿಸಿದಂತೆ ಬರೆಯುತ್ತೇವೆ; ‘ಪ್ರಿನ್ಸಿಪಲ್’ ಎಂದು ಬರೆದರೆ ಶಾಲೆಯ ಮುಖ್ಯಸ್ಥರೂ ಅದೇ, ತತ್ವವೂ ಅದೇ, ಸಾಲದ ಅಸಲೂ ಅದೇ. ಇಂಗ್ಲಿಷಿನ ಕಾಗುಣಿತ ಹಾಗಲ್ಲ. ಪದ ಯಾವ ದಾರಿಯಿಂದ ಬಂತು ಎಂಬ ಗುರುತನ್ನು ಅದು ಅಕ್ಷರಗಳಲ್ಲಿ ಉಳಿಸಿಕೊಂಡಿರುತ್ತದೆ. ಹಾಗಾಗಿ ಜೋಡಿಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಆ ದಾರಿಯನ್ನು ಒಮ್ಮೆ ನೋಡಿಬಿಡುವುದು ಸುಲಭ, ನೆನಪಿನಲ್ಲೂ ಚೆನ್ನಾಗಿ ನಿಲ್ಲುತ್ತದೆ. ಮುನಿಸಿಪಾಲಿಟಿಯ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಇಂಗ್ಲಿಷ್ ಕಾಲೇಜಿಗೆ ಹೋಗುವ ಮಕ್ಕಳು, ಸೊಸೈಟಿಯ ನೋಟೀಸು ಬರೆಯುವ ಸೆಕ್ರೆಟರಿಗಳು, ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವ ಪತ್ರಕರ್ತರು, ಇವರೆಲ್ಲರಿಗೂ ಇದರಿಂದ ಉಪಯೋಗವಿದೆ. ಈ ಕೆಲಸಕ್ಕೆ ಖರ್ಚಿಲ್ಲದೆ ಸಿಗುವ ಸಾಧನಗಳಲ್ಲಿ ಅತ್ಯುತ್ತಮವಾದದ್ದು ಎಟಿಮ್‌ಆನ್‌ಲೈನ್, ಅಂದರೆ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ.

ಅಮೆರಿಕದ ಪೆನ್ಸಿಲ್ವೇನಿಯಾದ ಡಗ್ಲಸ್ ಹಾರ್ಪರ್ ಈ ಶತಮಾನದ ಆರಂಭದಲ್ಲಿ ಶುರುಮಾಡಿದ ತಾಣ ಇದು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು, ಬಾರ್ನ್‌ಹಾರ್ಟ್, ವೀಕ್ಲಿ, ಕ್ಲೈನ್ ಮೊದಲಾದವರ ಪದಮೂಲ ನಿಘಂಟುಗಳನ್ನು ಒಟ್ಟಿಗೆ ಇಟ್ಟುಕೊಂಡು ಸಾರ ತೆಗೆದು ಬರೆದದ್ದು. ಹೆಸರು ನೋಂದಾಯಿಸದೆ ನೇರವಾಗಿ ಓದಬಹುದು. ಜಾಹೀರಾತುಗಳಿವೆ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಇದೆ. ದಾಖಲೆಗಳು ಬರೀ ಪಠ್ಯ, ಚಿಕ್ಕ ಪರದೆಯ ಫೋನಿನಲ್ಲೂ ಓದಲು ಕಷ್ಟವಾಗುವುದಿಲ್ಲ.

ಬಳಸುವ ರೀತಿ ಗೊತ್ತಿಲ್ಲದೆ ಹೋದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಹುಡುಕಿದ ಪದದ ಕೆಳಗೆ ಒಂದಲ್ಲ, ಹಲವು ದಾಖಲೆಗಳು ಬರುತ್ತವೆ. ಪ್ರತಿಯೊಂದರ ಪಕ್ಕದಲ್ಲಿ ಅದು ನಾಮಪದವೋ ಕ್ರಿಯಾಪದವೋ ಎಂಬ ಸೂಚನೆ, ಜತೆಗೆ 1, 2, 3 ಎಂಬ ಅಂಕೆ. ಈ ಅಂಕೆಯೇ ಮುಖ್ಯ. ಅಂಕೆ ಬೇರೆಯಾಗಿದ್ದರೆ ಕಾಗುಣಿತ ಒಂದೇ ಆಗಿದ್ದರೂ ಪದಗಳು ಬೇರೆ ಎಂದರ್ಥ. ‘ಸ್ಕೇಲ್’ ತೆಗೆದುಕೊಳ್ಳಿ. ಸಸೂನ್ ಡಾಕ್‌ನಲ್ಲಿ ಮೀನಿನ ಮೈಮೇಲಿನ ಹುರುಪೆ ಸ್ಕೇಲ್, ಅದನ್ನು ತೂಗುವ ತಕ್ಕಡಿ ಸ್ಕೇಲ್, ಅಲ್ಲಿ ಕೆಲಸ ಮಾಡುವ ಸರಕಾರಿ ನೌಕರನ ವೇತನಶ್ರೇಣಿಯೂ ಸ್ಕೇಲ್. ಮೊದಲನೆಯದು ಸಿಪ್ಪೆ, ಚಿಪ್ಪು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ, ಎರಡನೆಯದು ಬಟ್ಟಲು ಎಂಬ ಅರ್ಥದ, ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ಪದದಿಂದ, ಮೂರನೆಯದು ಏಣಿ ಎಂಬ ಅರ್ಥದ ಲ್ಯಾಟಿನ್ ‘ಸ್ಕಾಲಾ’ದಿಂದ. ಮೊದಲ ಎರಡನ್ನು ಇನ್ನೂ ಹಿಂದಕ್ಕೆ ಒಯ್ದರೆ ಕತ್ತರಿಸು, ಸೀಳು ಎಂಬ ಒಂದೇ ಬೇರಿಗೆ ಸೇರುತ್ತವೆ. ಮೂರನೆಯದು ಆ ಮನೆತನದ್ದೇ ಅಲ್ಲ. ಮೊದಲ ದಾಖಲೆಯನ್ನಷ್ಟೇ ಓದಿ ಮುಚ್ಚಿದವರಿಗೆ ಇದು ತಿಳಿಯುವುದಿಲ್ಲ, ವೇತನಕ್ಕೂ ಮೀನಿನ ಹುರುಪೆಗೂ ಏನೋ ನಂಟಿದೆ ಎಂದು ತಿಳಿದು ಹೊರಟುಬಿಡುತ್ತಾರೆ.

ಎರಡನೆಯ ಹೆಜ್ಜೆ ಇಸವಿಯನ್ನು ಓದುವುದು. ದಾಖಲೆಯ ಆರಂಭದಲ್ಲಿ ‘1580ರ ದಶಕ’, ‘14ನೇ ಶತಮಾನದ ಕೊನೆ’ ಎಂಬಂಥ ಕಾಲಸೂಚನೆ ಇರುತ್ತದೆ. ಅದು ಪದ ಹುಟ್ಟಿದ ದಿನವಲ್ಲ. ಉಳಿದು ಬಂದಿರುವ ಬರಹದಲ್ಲಿ ಅದು ಮೊದಲು ಕಾಣಿಸಿದ ಕಾಲ. ಆಡುಮಾತಿನಲ್ಲಿ ಅದು ಎಷ್ಟೋ ಮುಂಚೆ ಇದ್ದಿರಬಹುದು. ಮೂರನೆಯದು ನಕ್ಷತ್ರ ಚಿಹ್ನೆ. ಪದದ ಮುಂದೆ ನಕ್ಷತ್ರವಿದ್ದರೆ ಆ ರೂಪ ಯಾವ ಶಾಸನದಲ್ಲೂ ಹಸ್ತಪ್ರತಿಯಲ್ಲೂ ಸಿಕ್ಕಿಲ್ಲ, ಸಂಬಂಧಿ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಕಟ್ಟಿಕೊಂಡದ್ದು. ಇದನ್ನು ಗಮನಿಸದೆ ‘ಪ್ರಾಚೀನ ಕಾಲದಲ್ಲಿ ಹೀಗೆ ಬರೆಯುತ್ತಿದ್ದರು’ ಎಂದು ಲೇಖನಗಳಲ್ಲಿ ಬರೆಯುವುದು ಪದೇಪದೇ ಕಾಣುವ ತಪ್ಪು.

ಇಷ್ಟು ತಿಳಿದುಕೊಂಡು ಮೆನು ಕಾರ್ಡಿಗೆ ಮರಳಿದರೆ ಫಲ ಕೂಡಲೇ ಸಿಗುತ್ತದೆ. ಸಿಹಿತಿಂಡಿಯ ಡೆಸರ್ಟ್ ಫ್ರೆಂಚಿನ ‘ದೆಸೆರ್ವಿರ್’ ಇಂದ ಬಂದದ್ದು. ‘ಸೆರ್ವಿರ್’ ಎಂದರೆ ಬಡಿಸು. ಮುಂದೆ ‘ದೆಸ್’ ಸೇರಿದರೆ ಬಡಿಸಿದ್ದನ್ನು ತೆಗೆ, ಮೇಜು ಖಾಲಿಮಾಡು. ಊಟದ ತಟ್ಟೆಗಳನ್ನು ತೆಗೆದ ಮೇಲೆ ಬರುವುದು ಡೆಸರ್ಟ್. ಉಪಸರ್ಗದ ಕೊನೆಯ ‘ಎಸ್’, ಧಾತುವಿನ ಮೊದಲ ‘ಎಸ್’ ಎರಡೂ ಉಳಿದವು, ಆದ್ದರಿಂದ ಜೋಡಿ. ಮರಳುಗಾಡಿನ ಡೆಸರ್ಟ್ ಕೈಬಿಡು ಎಂಬ ಅರ್ಥದ ಲ್ಯಾಟಿನ್ ‘ದೇಸೆರೆರೆ’ಯಿಂದ ಬಂದದ್ದು, ಅಲ್ಲಿ ಉಪಸರ್ಗ ಬರೀ ‘ದೇ’, ಹಾಗಾಗಿ ‘ಎಸ್’ ಒಂದೇ. ಇನ್ನೊಂದಿದೆ: ‘ಜಸ್ಟ್ ಡೆಸರ್ಟ್ಸ್’, ಮಾಡಿದ್ದಕ್ಕೆ ತಕ್ಕ ಫಲ. ಉಚ್ಚಾರ ಸಿಹಿಯದು, ಕಾಗುಣಿತ ಮರಳುಗಾಡಿನದು, ಮೂಲ ಎರಡೂ ಅಲ್ಲ. ‘ಡಿಸರ್ವ್’ ಕ್ರಿಯಾಪದದ ಒಡಹುಟ್ಟು. ಇಂಗ್ಲಿಷ್ ಪತ್ರಿಕೆಗಳೂ ಇಲ್ಲಿ ‘ಎಸ್’ ಜೋಡಿಸಿ ಮುಗ್ಗರಿಸುವುದುಂಟು.

‘ಸ್ಟೇಷನರಿ’ಯದು ಇದಕ್ಕಿಂತ ಸೊಗಸಾದ ಕಥೆ. ಎರಡೂ ರೂಪಗಳು ನಿಲ್ಲುವ ಜಾಗ ಎಂಬ ಅರ್ಥದ ಲ್ಯಾಟಿನ್ ‘ಸ್ಟಾತಿಯೋ’ದಿಂದ ಬಂದ ಸೋದರರು. ಮಧ್ಯಯುಗದಲ್ಲಿ ಸರಕು ಹೊತ್ತು ಊರೂರು ತಿರುಗುವವರೇ ಹೆಚ್ಚು. ಒಂದೇ ಕಡೆ ಅಂಗಡಿ ಹಾಕಿ ಕೂತವನು ‘ಸ್ಟೇಷನರ್’. ವಿಶ್ವವಿದ್ಯಾನಿಲಯಗಳ ಬಳಿ ಹಾಗೆ ಕೂತವರು ಪುಸ್ತಕ ಮಾರುವವರು. ಲಂಡನ್ನಿನಲ್ಲಿ ಅವರ ಸಂಘಕ್ಕೆ 1557ರಲ್ಲಿ ರಾಜಸನ್ನದು ಸಿಕ್ಕಿತು. ಸ್ಟೇಷನರ್ ಮಾರುವ ಸರಕು ‘ಸ್ಟೇಷನರಿ’. ಬೇಕರ್ ಕೆಲಸ ಮಾಡುವ ಜಾಗ ಬೇಕರಿ ಆದಂತೆ ಇಲ್ಲೂ ‘ಇ-ಆರ್-ವೈ’. ಅಂಗಡಿಯವನನ್ನು ನೆನೆದರೆ ಕಾಗುಣಿತ ತಾನಾಗಿ ಬರುತ್ತದೆ. ಮುಂಬಯಿಯ ಫೌಂಟನ್ ಬಳಿ, ಕಿಂಗ್ಸ್ ಸರ್ಕಲ್ ಬಳಿ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡಿ ಕೂರುವವರು ಆ ಅರ್ಥದಲ್ಲಿ ಇಂದಿಗೂ ನಿಜವಾದ ಸ್ಟೇಷನರ್‌ಗಳು.

‘ಕಾಂಪ್ಲಿಮೆಂಟ್’ ಜೋಡಿಯ ಮೂಲವೂ ಒಂದೇ, ತುಂಬು, ಪೂರ್ಣಗೊಳಿಸು ಎಂಬ ಲ್ಯಾಟಿನ್ ಪದ. ನೇರ ಲ್ಯಾಟಿನ್ನಿನಿಂದ ಬಂದದ್ದು ‘ಇ’ ಉಳಿಸಿಕೊಂಡು ಪೂರಕ ಎಂಬ ಅರ್ಥದಲ್ಲೇ ನಿಂತಿತು. ‘ಕಂಪ್ಲೀಟ್’ನ ಎರಡನೆಯ ಸ್ವರವೂ ‘ಇ’, ಅಲ್ಲಿಗೆ ಗುರುತಾಯಿತು. ಇನ್ನೊಂದು ಇಟಲಿ, ಫ್ರಾನ್ಸ್ ಸುತ್ತಿ ಬರುವಾಗ ಸೌಜನ್ಯದ ಕರ್ತವ್ಯವನ್ನು ಪೂರೈಸುವುದು, ಅಂದರೆ ಉಪಚಾರದ ಮಾತು ಎಂದಾಗಿ ‘ಐ’ ತಂದಿತು. ಹೊಟೇಲು ಗೌರವದಿಂದ ಕೊಡುವ ಪುಕ್ಕಟೆ ತಿಂಡಿ ಈ ಎರಡನೆಯದು.

‘ಪ್ರಿನ್ಸಿಪಲ್’ ವಿಷಯದಲ್ಲಿ ‘ಪಿ-ಎ-ಎಲ್’ ಮೂಲತಃ ವಿಶೇಷಣ, ಮುಖ್ಯವಾದ ಎಂದು. ಮುಖ್ಯ ಶಿಕ್ಷಕ, ಮುಖ್ಯ ಮೊತ್ತ ಎಲ್ಲವೂ ಅದರೊಳಗೆ ಬರುತ್ತವೆ. ಸೊಸೈಟಿಯ ಸಾಲದ ಲೆಕ್ಕದಲ್ಲಿ ಅಸಲಿಗೆ ಇದೇ ಕಾಗುಣಿತ. ‘ಪಿ-ಎಲ್-ಇ’ ಆರಂಭ, ಮೂಲತತ್ವ ಎಂಬ ‘ಪ್ರಿನ್ಸಿಪಿಯಂ’ ಎಂಬ ನಾಮಪದದ ವಂಶ. ಅದರಲ್ಲಿರುವ ‘ಎಲ್’ ಲ್ಯಾಟಿನ್ನಿನಲ್ಲಿ ಇರಲಿಲ್ಲ, ‘ಪಾರ್ಟಿಸಿಪಲ್’ ಪದದಲ್ಲಿ ಆದಂತೆ ಆಮೇಲೆ ಬಂದು ಸೇರಿತು. ‘ಅಫೆಕ್ಟ್’–‘ಎಫೆಕ್ಟ್’ ಗೊಂದಲ ಎಲ್ಲರಿಗೂ ಗೊತ್ತು. ಆದರೆ ‘ಅಫೆಕ್ಟ್’ ಒಳಗೇ ಎರಡು ಕ್ರಿಯಾಪದಗಳಿವೆ, ಒಂದು ಪರಿಣಾಮ ಬೀರು, ಇನ್ನೊಂದು ಸೋಗು ಹಾಕು. ಎರಡನ್ನೂ ತಾಣ ಬೇರೆ ಅಂಕೆ ಕೊಟ್ಟು ಬಿಡಿಸಿಟ್ಟಿದೆ. ಅನುವಾದಕರು ಈ ಒಂದು ದಾಖಲೆಯನ್ನಾದರೂ ಓದಲೇಬೇಕು.

ಇದಕ್ಕೆ ತಿರುಗುಮುರುಗಾದ ಗುಂಪು ನಂಟೇ ಇಲ್ಲದಿದ್ದರೂ ನಂಟರಂತೆ ಕಾಣುವ ಪದಗಳದು. ‘ಫೀಮೇಲ್’ ಪದ ‘ಮೇಲ್’ ಮುಂದೆ ಏನೋ ಸೇರಿಸಿ ಮಾಡಿದ್ದಲ್ಲ. ಅದು ಲ್ಯಾಟಿನ್ ‘ಫೆಮೆಲ್ಲಾ’, ಫ್ರೆಂಚ್ ‘ಫೆಮೆಲ್’. ಇಂಗ್ಲಿಷರು ‘ಮೇಲ್’ಗೆ ಜೋಡಿಯಾಗಲಿ ಎಂದು ಕಾಗುಣಿತ ತಿದ್ದಿದರು. ‘ಐಲ್ಯಾಂಡ್’ನ ಮೌನ ‘ಎಸ್’ ಕೂಡ ಹೀಗೆಯೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಎಸ್’ ಇರಲೇ ಇಲ್ಲ. ಲ್ಯಾಟಿನ್ ‘ಇನ್ಸುಲಾ’ದಿಂದ ಬಂದ ‘ಐಲ್’ ಪದದ ಸಂಬಂಧಿ ಎಂದು ತಪ್ಪಾಗಿ ತಿಳಿದು ತುರುಕಿದರು. ‘ಸಾರಿ’ಗೂ ದುಃಖ ಎಂಬ ‘ಸಾರೋ’ಗೂ ಮೂಲದಲ್ಲಿ ಸಂಬಂಧವಿಲ್ಲ, ಮೊದಲನೆಯದು ನೋವು, ಹುಣ್ಣು ಎಂಬ ‘ಸೋರ್’ ಪದದ ಕುಟುಂಬ. ‘ಸ್ಟೆಪ್‌ಮದರ್’ನಲ್ಲಿ ಹೆಜ್ಜೆ ಇಲ್ಲ, ತಬ್ಬಲಿತನ ಸೂಚಿಸುವ ಹಳೆಯ ಇಂಗ್ಲಿಷ್ ಪದವಿದೆ. ‘ಪೆನ್’ ಗರಿಯಿಂದ, ‘ಪೆನ್ಸಿಲ್’ ಚಿಕ್ಕ ಬಾಲ ಎಂಬ ಅರ್ಥದ ಕುಂಚದ ಹೆಸರಿನಿಂದ. ‘ಔಟ್‌ರೇಜ್’ ಒಳಗೆ ‘ಔಟ್’ ಕೂಡ ಇಲ್ಲ, ‘ರೇಜ್’ ಕೂಡ ಇಲ್ಲ; ಮಿತಿಮೀರಿ ಎಂಬ ಫ್ರೆಂಚ್ ‘ಊತ್ರ್’ ಇದೆ.

ಅಪಾಯ ತರಬಲ್ಲ ಪದ ಒಂದಿದೆ. ಪೆಟ್ರೋಲ್ ಟ್ಯಾಂಕರುಗಳ ಬೆನ್ನ ಮೇಲೆ ‘ಇನ್‌ಫ್ಲೇಮಬಲ್’ ಎಂದಿರುತ್ತದೆ. ‘ಇನ್’ ಕಂಡ ಕೂಡಲೇ ನಿಷೇಧ ಎಂದುಕೊಂಡರೆ ಬೆಂಕಿ ಹತ್ತದ್ದು ಎಂದಾಗುತ್ತದೆ. ಲ್ಯಾಟಿನ್ನಿನಲ್ಲಿ ‘ಇನ್’ ಎರಡು: ಒಂದು ಇಲ್ಲ ಎನ್ನುವುದು, ಇನ್ನೊಂದು ಒಳಗೆ ಎನ್ನುವುದು. ಇಲ್ಲಿರುವುದು ಎರಡನೆಯದು. ಈ ಗೊಂದಲದಿಂದ ಜೀವ ಹೋಗಬಾರದೆಂದೇ 20ನೇ ಶತಮಾನದಲ್ಲಿ ಅಗ್ನಿಸುರಕ್ಷೆಯವರು ‘ಫ್ಲೇಮಬಲ್’ ಎಂಬ ರೂಪವನ್ನು ಬಳಕೆಗೆ ತಂದರು. ಕಾರ್ಖಾನೆಯ ಸೂಚನಾಫಲಕವನ್ನು ಕನ್ನಡಕ್ಕೆ ತರುವವರು ಎರಡೂ ಪದಗಳಿಗೆ ಬೆಂಕಿ ಬೇಗ ಹತ್ತುವ ಎಂದೇ ಬರೆಯಬೇಕು.

ವಾಟ್ಸ್‌ಆ್ಯಪ್ ಪದಕಥೆಗಳನ್ನು ಪರೀಕ್ಷಿಸಲೂ ಈ ತಾಣ ಒಳ್ಳೆಯ ಒರೆಗಲ್ಲು. ಹೊಟೇಲಿನ ‘ಟಿಪ್’ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆಯಿತು ಎಂಬ ಸಂದೇಶ ಹೊಟೇಲು ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಅದು ವಾಸ್ತವವಾಗಿ ಕೊಡು, ದಾಟಿಸು ಎಂಬ ಅರ್ಥದ ಕಳ್ಳರ ಗುಪ್ತಭಾಷೆಯ ಪದ. ‘ನ್ಯೂಸ್’ ನಾಲ್ಕು ದಿಕ್ಕುಗಳ ಮೊದಲಕ್ಷರವಲ್ಲ, ‘ನ್ಯೂ’ ಪದದ ಬಹುವಚನ. ಮುಂಬಯಿಗೆ ಹತ್ತಿರವಾದ ಕಥೆ ‘ಪಾಷ್’ನದು. ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಹಡಗಿನಲ್ಲಿ ಸಿರಿವಂತರಿಗೆ ಬರುವಾಗ ಎಡಬದಿಯ, ಹೋಗುವಾಗ ಬಲಬದಿಯ ತಂಪು ಕೋಣೆ ಎಂದು, ಆ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಟಿಕೆಟಿನ ಮೇಲೆ ಮುದ್ರೆ ಒತ್ತುತ್ತಿದ್ದರಂತೆ. ಅಂಥ ಮುದ್ರೆಗೆ ಯಾವ ಪುರಾವೆಯೂ ಇಲ್ಲ ಎಂದು ತಾಣ ಸ್ಪಷ್ಟವಾಗಿ ಹೇಳುತ್ತದೆ. 20ನೇ ಶತಮಾನಕ್ಕೆ ಮುಂಚೆ ಮೊದಲಕ್ಷರಗಳಿಂದ ಪದ ಕಟ್ಟುವ ರೂಢಿಯೇ ಇಂಗ್ಲಿಷಿನಲ್ಲಿ ಬಹಳ ವಿರಳ, ಆದ್ದರಿಂದ ಇಂಥ ಕಥೆ ಕೇಳಿದ ಕೂಡಲೇ ಅನುಮಾನಪಡುವುದು ಒಳ್ಳೆಯದು.

ಈಗ ಕೊರತೆಗಳಿಗೆ ಬರೋಣ. ಉಚ್ಚಾರ ಹೇಳಿಕೊಡುವುದಿಲ್ಲ. ಇಂದಿನ ಬಳಕೆಗೆ ಉದಾಹರಣೆ ವಾಕ್ಯಗಳನ್ನೂ ನಿರೀಕ್ಷಿಸಬೇಡಿ. ಅದಕ್ಕೆ ಮಾಮೂಲಿ ಇಂಗ್ಲಿಷ್ ನಿಘಂಟು ಪಕ್ಕದಲ್ಲಿರಲೇಬೇಕು. ಮೂಲಾರ್ಥವೇ ನಿಜವಾದ ಅರ್ಥ ಎಂದು ಹಟಹಿಡಿಯುವವರಿಗೆ ಈ ತಾಣ ಹಾನಿಯನ್ನೂ ಮಾಡಬಲ್ಲದು. ಡೆಸರ್ಟ್ ಎಂದರೆ ತಟ್ಟೆ ತೆಗೆಯುವುದು ಎಂದು ಇಂದು ಯಾರೂ ಅನ್ನುವುದಿಲ್ಲ.

ಆದರೆ ನಮ್ಮ ದೃಷ್ಟಿಯಿಂದ ದೊಡ್ಡ ಕೊರತೆ ಭಾರತದಿಂದ ಹೋದ ಪದಗಳದು. ಇಲ್ಲಿ ತಾಣ ತಪ್ಪು ಹೇಳುತ್ತದೆ ಎಂದಲ್ಲ, ಬೇಗ ನಿಂತುಬಿಡುತ್ತದೆ. ‘ಕಾಂಪೌಂಡ್’ ನೋಡಿ. ರಸಾಯನಶಾಸ್ತ್ರದ ಕಾಂಪೌಂಡ್ ಲ್ಯಾಟಿನ್ನಿನದು, ಕೂಡಿಸಿಟ್ಟದ್ದು. ನಮ್ಮ ಸೊಸೈಟಿಗಳ ಕಾಂಪೌಂಡ್ ಮಲಯ ಭಾಷೆಯ ‘ಕಂಪೊಂಗ್’, ಅಂದರೆ ಹಳ್ಳಿ, ಮನೆಗಳ ಗುಂಪು; ಪೋರ್ಚುಗೀಸರ ಅಥವಾ ಡಚ್ಚರ ಬಾಯಿಂದ ಇಂಗ್ಲಿಷಿಗೆ ಬಂದು ಲ್ಯಾಟಿನ್ ಪದದ ವೇಷ ಹಾಕಿತು. ಇದು ಚೆನ್ನಾಗಿದೆ. ‘ಗ್ರಾಂ’ ಕೂಡ ಚೆನ್ನಾಗಿದೆ. ಕಿರಾಣಿ ಪೊಟ್ಟಣದ ಮೇಲೆ ‘ಬೆಂಗಾಲ್ ಗ್ರಾಂ 500 ಗ್ರಾಂ’ ಎಂದು ಇರುತ್ತದಲ್ಲ, ಮೊದಲನೆಯದು ಕಾಳು ಎಂಬ ಅರ್ಥದ ಪೋರ್ಚುಗೀಸ್ ‘ಗ್ರಾಂವ್’, ಎರಡನೆಯದು ಗ್ರೀಕಿನಿಂದ ಫ್ರೆಂಚಿಗೆ ಬಂದ ತೂಕದ ಹೆಸರು. ಮಲಗುವ ‘ಕಾಟ್’ ಹಿಂದಿಯ ‘ಖಾಟ್’, ಗುಡಿಸಲಿನ ‘ಕಾಟ್’ ಹಳೆಯ ಇಂಗ್ಲಿಷ್. ‘ಡಂಗರೀ’ ಬಟ್ಟೆಗೆ ಹೆಸರು ಕೊಟ್ಟದ್ದು ಇದೇ ಮುಂಬಯಿಯ ಡೋಂಗ್ರಿ. ಆದರೆ ‘ಅರೇಕಾ’ ಎಂದು ಹುಡುಕಿದರೆ ಪೋರ್ಚುಗೀಸ್, ಅಲ್ಲಿಂದ ಮಲಯಾಳ, ಅಲ್ಲಿಗೆ ಮುಗಿಯಿತು. ಕನ್ನಡದ ಅಡಕೆಯನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ‘ಕರಿ’ ಪದದಲ್ಲಿ ದಕ್ಷಿಣದ ಉಳಿದ ಭಾಷೆಗಳು ಸರಿಯಾಗಿ ಸಿಗಬೇಕಾದರೆ ಬೇರೆ ಪುಸ್ತಕಗಳೇ ಬೇಕು.

ಆ ಪುಸ್ತಕಗಳೂ ಇಂದು ಪುಕ್ಕಟೆ. ಷಿಕಾಗೊ ವಿಶ್ವವಿದ್ಯಾನಿಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಇದೆ, ಮೊದಲು 1886ರಲ್ಲಿ ಬಂದದ್ದು. ಆಂಗ್ಲೋ ಇಂಡಿಯನ್ ಪದಗಳಿಗೆ ಹಳೆಯ ಪ್ರವಾಸಿಗರ ಬರಹದ ತುಣುಕುಗಳನ್ನು ಕಾಲಕ್ರಮದಲ್ಲಿ ಜೋಡಿಸಿಕೊಡುತ್ತದೆ. ಧಾಟಿ ವಸಾಹತು ಕಾಲದ್ದು, ಆದರೆ ಸಾಕ್ಷ್ಯ ಅಮೂಲ್ಯ. ಅಲ್ಲೇ ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟಿದೆ. ಕನ್ನಡ ಪದ ಕೊಟ್ಟರೆ ತುಳು, ಕೊಡವ, ತಮಿಳು, ತೆಲುಗಿನ ಜ್ಞಾತಿಪದಗಳು, ಅಂದರೆ ಅದೇ ಮೂಲದ ಪದಗಳು, ಒಂದೇ ಸಾಲಿನಲ್ಲಿ ಬರುತ್ತವೆ. ಹುಡುಕುವಾಗ ರೋಮನ್ ಲಿಪಿಯಲ್ಲಿ ದೀರ್ಘ, ಮೂರ್ಧನ್ಯ ಗುರುತುಗಳನ್ನು ಸರಿಯಾಗಿ ಹಾಕದಿದ್ದರೆ ಏನೂ ಸಿಗದೆ ಹೋಗಬಹುದು, ಆಗ ಇಂಗ್ಲಿಷ್ ಅರ್ಥದಿಂದ ಹುಡುಕಬೇಕು. ಮಹಾರಾಷ್ಟ್ರದಲ್ಲಿರುವ ನಮಗೆ ಅದೇ ಗ್ರಂಥಾಲಯದ ಮೋಲ್ಸ್‌ವರ್ತ್ ಮರಾಠಿ ನಿಘಂಟೂ ಬೇಕಾಗುತ್ತದೆ. 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ 1,50,000ಕ್ಕೂ ಹೆಚ್ಚು ಪದಗಳಿವೆ. ಅದು 2019ರಲ್ಲಿ ಮುಕ್ತವಾಯಿತು.

ಇವುಗಳನ್ನು ಕೂಡಿಸಿ ಬಳಸಿದರೆ ನಮ್ಮ ಆಡುಮಾತಿನ ಜೋಡಿಗಳೂ ಬಿಡಿಸಿಕೊಳ್ಳುತ್ತವೆ. ಮುಂಬಯಿ ಕನ್ನಡಿಗರ ‘ಪಗಾರ’ ಪೋರ್ಚುಗೀಸಿನ ‘ಪಗಾರ್’, ಕೊಡು ಎಂಬ ಕ್ರಿಯಾಪದ. ಇಂಗ್ಲಿಷಿನ ‘ಪೇ’ ಹುಡುಕಿದರೆ ಅದೂ ಅದೇ ಲ್ಯಾಟಿನ್ ‘ಪಾಕಾರೆ’ಗೆ ಹೋಗುತ್ತದೆ: ಸಮಾಧಾನಪಡಿಸು. ಸಾಲ ಕೊಟ್ಟವನನ್ನು ಸುಮ್ಮನಾಗಿಸುವುದು ಸಂದಾಯ; ‘ಪೀಸ್’ ಎಂಬ ಶಾಂತಿಯ ಪದವೂ ಅದೇ ಕುಟುಂಬ. ಕರಾವಳಿಯವರು ಮನೆಯ ಸುತ್ತ ಕಟ್ಟುವ ‘ಪಾಗಾರ’ ಮಾತ್ರ ಬೇರೆ, ಅದು ಸಂಸ್ಕೃತ ‘ಪ್ರಾಕಾರ’ದ ತದ್ಭವ. ಪಗಾರಕ್ಕೂ ಪಾಗಾರಕ್ಕೂ ನಂಟಿಲ್ಲ. ಹಾಗೆಯೇ ‘ಬಾಂಬೆ’ ಎಂಬುದು ಪೋರ್ಚುಗೀಸಿನ ‘ಒಳ್ಳೆಯ ಕೊಲ್ಲಿ’ ಎಂಬ ಮಾತು ಎಂದು ಇಂದಿಗೂ ಬರೆಯುವವರಿದ್ದಾರೆ. ಆ ಭಾಷೆಯಲ್ಲಿ ಕೊಲ್ಲಿ ಸ್ತ್ರೀಲಿಂಗ, ‘ಬೊವಾ’ ಆಗಬೇಕಿತ್ತು, ‘ಬೋಂ’ ಸರಿಹೊಂದುವುದಿಲ್ಲ.

ಮುದ್ರಿತ ಪುಸ್ತಕವೇ ಬೇಕೆನ್ನುವವರಿಗೆ ಸ್ಕೀಟ್ ಅವರ ಸಂಕ್ಷಿಪ್ತ ಪದಮೂಲ ನಿಘಂಟು ಇದೆ. ಮೊದಲ ಮುದ್ರಣ 1882ರದು. ಹಳೆಯ ಪುಸ್ತಕದ ಅಂಗಡಿಯಲ್ಲಿ ಕಂಡರೆ ಬೆನ್ನಿನ ಹೊಲಿಗೆ, ಕೊನೆಯ ಪುಟಗಳಲ್ಲಿರುವ ಉಪಸರ್ಗ ಮತ್ತು ಧಾತುಗಳ ಪಟ್ಟಿ ಹರಿದಿಲ್ಲವೇ ಎಂದು ಮೊದಲು ನೋಡಿ. ಆ ಪಟ್ಟಿಯೇ ಪುಸ್ತಕದ ಜೀವ. 20ನೇ ಶತಮಾನದ ಸಂಶೋಧನೆ ಅದರಲ್ಲಿ ಇಲ್ಲ, ಆದ್ದರಿಂದ ಅನುಮಾನ ಬಂದ ಕಡೆ ತಾಣವನ್ನೇ ನಂಬಬೇಕು.

ಅಂಕ ಕೊಡಬೇಕೆಂದರೆ ಯುರೋಪಿನ ಪದಗಳಿಗೆ ಎಟಿಮ್‌ಆನ್‌ಲೈನ್‌ಗೆ ಐದರಲ್ಲಿ ನಾಲ್ಕೂವರೆ, ನಮ್ಮ ಕಡೆಯಿಂದ ಹೋದ ಪದಗಳಿಗೆ ಎರಡೂವರೆ. ಎಂಟನೆಯ ತರಗತಿಯ ನಂತರದ ವಿದ್ಯಾರ್ಥಿಗಳು ಯಾರ ಸಹಾಯವೂ ಇಲ್ಲದೆ ಬಳಸಬಹುದು. ಅದಕ್ಕಿಂತ ಚಿಕ್ಕವರಿಗೆ ಶಿಕ್ಷಕರು ಆರಿಸಿ ಕೊಡಬೇಕು, ದಾಖಲೆಗಳಲ್ಲಿ ಸಾಲುಗಟ್ಟಿ ಬರುವ ಹಳೆಯ ಭಾಷೆಗಳ ಹೆಸರುಗಳು ಅವರನ್ನು ಕಂಗೆಡಿಸುತ್ತವೆ. ಬೋರ್ಡು, ಮೆನು, ಲೆಟರ್‌ಹೆಡ್ ಮಾಡಿಸುವ ಹೊಟೇಲಿನವರು ಮುದ್ರಣಕ್ಕೆ ಕಳಿಸುವ ಮುನ್ನ ಡೆಸರ್ಟ್, ಕಾಂಪ್ಲಿಮೆಂಟರಿ, ಸ್ಟೇಷನರಿ, ಪ್ರಿನ್ಸಿಪಲ್, ಪರ್ಸನಲ್ ಈ ಐದನ್ನು ಒಮ್ಮೆ ಹುಡುಕಿ ನೋಡಲಿ. ಕೊನೆಯದಕ್ಕೆ ‘ಎನ್’ ಜೋಡಿಯಾಗಿ, ಅದರ ಮುಂದೆ ‘ಇ-ಎಲ್’ ಬಂದರೆ ಸಿಬ್ಬಂದಿ, ಒಂಟಿ ‘ಎನ್’ ಮುಂದೆ ‘ಎ-ಎಲ್’ ಬಂದರೆ ಸ್ವಂತದ್ದು; ಸಿಬ್ಬಂದಿ ಕೋಣೆಯ ಬಾಗಿಲಿಗೆ ಮೊದಲನೆಯದೇ ಬೇಕು, ಒತ್ತು ಕೊನೆಯ ಉಚ್ಚಾರದ ಮೇಲೆ.